ಲೈಟ್‌ಹೌಸ್ ಬಾಕ್ಸಿನಲ್ಲಿ ಲಂಗರು

ಫೋರ್ಕ್‌ಲಿಫ್ಟಿನ ಎರಡು ಉಕ್ಕಿನ ಕೊಂಬುಗಳು ನೇರವಾಗಿ ನನ್ನ ಹೊಟ್ಟೆಗೇ ಬರುತ್ತಿದ್ದವು!

ಪಕ್ಕಕ್ಕೆ ಹಾರಿದೆ. ಧಡ್! ಹಿಂದಿದ್ದ ರಟ್ಟಿನ ಬಾಕ್ಸ್‌ಗಳಿಗೆ ಕೊಂಬುಗಳು ತೂರಿಕೊಂಡವು. ರಾಶಿ ರಾಶಿ ಪ್ಲಾಸ್ಟಿಕ್ ಬ್ಲಾಕ್‌ಗಳು ನೆಲದ ಮೇಲೆ ಚೆಲ್ಲಾಪಿಲ್ಲಿಯಾದವು. ಅವುಗಳ ಮೇಲೆ ಕಾಲಿಟ್ಟು ಓಡಿ ನೋಡಿ ಸ್ವಾಮಿ... ಗೊತ್ತಾಗುತ್ತೆ!

"ನಿಂತ್ಕೊಳ್ರೀ!" ಸ್ಟಿಯರಿಂಗ್ ಹಿಂದಿನಿಂದ ಹೆಂಗಸಿನ ದನಿ.

"ನಿಂತ್ರೆ ಸಾಯ್ತೀನಮ್ಮಾ!"

"ಅದಕ್ಕೇ ನಿಂತ್ಕೊಳ್ಳಿ ಅಂದಿದ್ದು!"

ಹಾಡುಹಗಲು. ಊಟದ ಬ್ರೇಕ್. ಗೋಡೌನಿನಲ್ಲಿ ನಾವಿಬ್ಬರೇ. ಅವಳು ಈ ಆಟಿಕೆ ಫ್ಯಾಕ್ಟರಿ ಯಜಮಾನರ ದೊಡ್ಡ ಮಗಳು. ನಾನು ಅವರಪ್ಪನೇ ಕರೆಸಿದ ಪತ್ತೇದಾರ.

ಓಡುತ್ತಲೇ ಹೇಳುತ್ತೇನೆ, ಕೇಳಿ.

ಹಿಂದಿನ ವಾರ ಯಜಮಾನರು ನನ್ನನ್ನು ಪ್ಯಾಕಿಂಗ್ ಹಾಲಿಗೆ ಕರೆದೊಯ್ದಿದ್ದರು. ಗೋಡೆಗೆ ಉದ್ದನೆಯ ಶೆಲ್ಫು. ಅದರ ಮೇಲೆ ಬ್ಲಾಕ್‌ಗಳಲ್ಲೇ ಕಟ್ಟಿದ ಗೋಪುರಗಳು. ಯಾವ ಸೆಟ್ ಎಷ್ಟು ಮಾರಾಟವಾಯಿತೋ ಅದರ ಗೋಪುರ ಅಷ್ಟೆತ್ತರ. ಕೆಲಸದವರೆಲ್ಲ ದಿನಾ ನೋಡಬೇಕು. ಸೀಸನ್ ಮುಗಿದಾಗ ಎಲ್ಲಕ್ಕಿಂತ ಕುಳ್ಳಗಿರುವ ಗೋಪುರ ಯಾವುದೋ, ಆ ಸೆಟ್ಟಿನ ಉಕ್ಕಿನ ಅಚ್ಚು ಗುಜರಿಗೆ, ಮತ್ತೆ ಆ ಸೆಟ್ ತಯಾರಾಗುವಂತಿಲ್ಲ!

"ಇದು ಲೈಟ್‌ಹೌಸ್. ನನ್ನ ಚಿಕ್ಕ ಮಗಳ ಡಿಸೈನು." ಎಲ್ಲಕ್ಕಿಂತ ಎತ್ತರದ ಗೋಪುರವನ್ನು ಯಜಮಾನರು ಮೊಮ್ಮಗುವಿನ ಕೆನ್ನೆಯಂತೆ ಸವರಿದರು.

"ಇದು?" ಕೊನೆಯಲ್ಲಿ ಮುದುಡಿ ಕೂತಿದ್ದನ್ನು ತೋರಿಸಿದೆ.

"ಹಡಗು. ದೊಡ್ಡವಳದ್ದು. ತಂಗಿನ ನೋಡಿ ಕಲಿ ಅಂತ ದಿನಾ ಬಡ್ಕೋತೀನಿ."

ದೊಡ್ಡವಳು ಅಲ್ಲೇ ನಿಂತು ಬಾಕ್ಸ್‌ಗಳಿಗೆ ಟೇಪ್ ಹಚ್ಚುತ್ತಿದ್ದಳು. ಕೇಳಿಸಿಕೊಂಡಳು. ತಲೆ ಎತ್ತಲಿಲ್ಲ.

ಯಜಮಾನರ ತಲೆನೋವು ಇಷ್ಟೇ. ಲೈಟ್‌ಹೌಸ್ ಬಾಕ್ಸ್‌ಗಳು ಅಂಗಡಿಗಳಿಂದ ವಾಪಸ್ ಬರುತ್ತಿದ್ದವು. ಮಗು ಗಂಟೆಗಟ್ಟಲೆ ಕೂತು ಕಟ್ಟುತ್ತದೆ, ತುದಿಗೆ ಇಡಬೇಕಾದ ಹಳದಿ ದೀಪವೇ ಇಲ್ಲ! ಆದರೆ ಬಾಕ್ಸ್ ಮುಚ್ಚಿದ ಮೇಲೆ ಪ್ರತಿಯೊಂದೂ ತೂಕದ ಮೆಷೀನ್ ಮೇಲೆ ಹೋಗುತ್ತದೆ. ಒಂದು ತುಂಡು ಕಡಿಮೆ ಇದ್ದರೂ ಮೆಷೀನ್ ಕಿರುಚಿ ಬಾಕ್ಸನ್ನು ಆಚೆ ತಳ್ಳುತ್ತದೆ. ಈ ಬಾಕ್ಸ್‌ಗಳಿಗೆ ಅದು ತುಟಿಪಿಟಕ್ ಎಂದಿರಲಿಲ್ಲ.

"ಮೊದ್ಲು ನಿಮ್ಮ ತಮ್ಮನ್ನೇ ಕೇಳ್ದೆ," ಎಂದರು ಯಜಮಾನರು. "ಅವರು ತುಂಬಾ ಬಿಜಿಯಂತೆ. ಅಣ್ಣನ ಹತ್ರ ಹೋಗಿ, ಅವನು ಖಾಲಿ ಇರ್ತಾನೆ ಅಂದ್ರು."

ಖಾಲಿ ಇರ್ತಾನೆ! ಕಸುಬು ಕಲಿಸಿಕೊಟ್ಟವನು ನಾನು. ಈಗ ಅವನಿಗೆ ಎಸಿ ಆಫೀಸು, ನನಗೆ ಅವನು ಬಿಟ್ಟ ಕೇಸು. ಹೊಟ್ಟೆ ಉರಿಯಿತು ಸ್ವಾಮಿ. ಸುಳ್ಳು ಯಾಕೆ ಹೇಳಲಿ?

ಆ ಉರಿಯಲ್ಲೇ ಅಂಗಡಿ ಅಂಗಡಿ ಸುತ್ತಿದೆ. ಎಲ್ಲರೂ ಬಾಕ್ಸಿನಲ್ಲಿ ಏನು ಕಡಿಮೆ ಎಂದಷ್ಟೇ ಹೇಳುತ್ತಿದ್ದರು. ನಾನು ಬೇರೆ ಪ್ರಶ್ನೆ ಕೇಳಿದೆ.

"ಹೆಚ್ಚಿಗೆ ಏನಾದ್ರೂ ಇತ್ತಾ?"

ಮೂಲೆಯಂಗಡಿಯವನು ಕೌಂಟರ್ ಕೆಳಗಿನಿಂದ ಒಂದು ಬಟ್ಟಲು ತೆಗೆದ. ಅದರ ತುಂಬ ಪುಟ್ಟ ಪುಟ್ಟ ನೀಲಿ ಲಂಗರುಗಳು.

ಹಡಗಿನ ಲಂಗರು! ದೀಪವೂ ಲಂಗರೂ ತೂಕದಲ್ಲಿ ಒಂದೇ. ದೀಪಗಳಿರಬೇಕಾದ ಟ್ರೇಗೆ ಯಾರೋ ಲಂಗರು ಸುರಿದಿದ್ದರು.

ಈವತ್ತು ಊಟದ ಹೊತ್ತಿಗೆ ಒಂದು ಲಂಗರನ್ನು ದೊಡ್ಡವಳ ಮುಂದೆ ಹಿಡಿದೆ. ಅವಳು ನೋಡಿದಳು. ನನ್ನನ್ನು ನೋಡಿದಳು. ಸೀದಾ ಹೋಗಿ ಫೋರ್ಕ್‌ಲಿಫ್ಟ್ ಹತ್ತಿದಳು!

ಇಷ್ಟು ಕತೆ.

ಗೋಡೆ ಬಂತು. ಓಡಲು ಜಾಗವಿಲ್ಲ. ಎಡಕ್ಕೆ ಲೈಟ್‌ಹೌಸ್ ರ್‍ಯಾಕು, ಬಲಕ್ಕೆ ಹಡಗಿನ ರ್‍ಯಾಕು. ಬಲಕ್ಕೆ ಹಾರಿ ಕೋತಿಯಂತೆ ಮೇಲೇರಿ ಕೂತೆ.

ಕೊಂಬು ನುಗ್ಗಿ ಬಂತು...

ನಿಂತಿತು. ಹಡಗಿನ ಬಾಕ್ಸಿಗೆ ಒಂದು ಗೇಣು ದೂರದಲ್ಲಿ.

"ಇಳೀರಿ," ಎಂದಳು.

"ಹೊಡೀರಿ ನೋಡೋಣ! ಬಾಕ್ಸ್ ಸಮೇತ ಬೀಳ್ತೀನಿ."

ಇಂಜಿನ್ ಆಫ್ ಆಯಿತು. ಅವಳು ಸ್ಟಿಯರಿಂಗ್ ಮೇಲೆ ಹಣೆ ಇಟ್ಟಳು.

"ಅದೇ ತೂಕದ ಬೇರೆ ಯಾವುದಾದ್ರೂ ಬ್ಲಾಕ್ ಹಾಕಿದ್ರೆ ನಾನು ಈ ಜನ್ಮದಲ್ಲಿ ಕಂಡುಹಿಡೀತಿರ್ಲಿಲ್ಲ," ಎಂದೆ. "ಲಂಗರೇ ಯಾಕೆ ಹಾಕಿದ್ರಿ?"

"ಅವಳ ಬಾಕ್ಸ್ ಎಲ್ಲರ ಮನೆಗೂ ಹೋಗುತ್ತೆ." ಮುಖ ಎತ್ತಲಿಲ್ಲ. "ನಂದೂ ಒಂದು ತುಂಡಾದ್ರೂ ಹೋಗ್ಲಿ ಅನ್ನಿಸ್ತು. ಈ ತಿಂಗಳು ಸೀಸನ್ ಮುಗಿಯುತ್ತೆ, ನನ್ನ ಅಚ್ಚು ಗುಜರಿಗೆ ಹೋಗುತ್ತೆ ಕಣ್ರೀ. ಅವಳನ್ನ ಕಂಡ್ರೆ ನಂಗಾಗಲ್ಲ. ಚಿಕ್ಕವಳು, ನಾನೇ ಎತ್ತಿ ಆಡಿಸ್ದೋಳು... ಆದ್ರೂ ಆಗಲ್ಲ."

ನನಗೆ ತಮ್ಮನ ಎಸಿ ಆಫೀಸೇ ಕಣ್ಣ ಮುಂದೆ ಬಂತು.

ಅಷ್ಟರಲ್ಲಿ ಗದ್ದಲ ಕೇಳಿ ಯಜಮಾನರು ಓಡಿ ಬಂದರು. ಹಿಂದೆ ಚಿಕ್ಕ ಮಗಳು, ಕೈಯಲ್ಲಿ ಫೋನು. ನಾನು ಮೇಲಿನಿಂದಲೇ ಎಲ್ಲ ಹೇಳಿದೆ. ಯಜಮಾನರ ಮುಖ ಕೆಂಪಗಾಯಿತು. ಬೈಗುಳಕ್ಕೆ ಬಾಯಿ ತೆರೆದರು.

ಚಿಕ್ಕವಳು ನಕ್ಕುಬಿಟ್ಟಳು!

"ಅಯ್ಯೋ, ಬೈಬೇಡಿ ಅಪ್ಪ! ಅಂಗಡಿಗಳಿಂದ ಬೆಳಗ್ಗೆಯಿಂದ ಫೋನೋ ಫೋನು. ಲಂಗರು ಸಿಕ್ಕಿದ ಮಕ್ಕಳೆಲ್ಲ ಅದರ ಹಡಗು ಬೇಕು ಅಂತ ಹಟ ಹಿಡಿದಿದಾವಂತೆ." ಅಕ್ಕನ ಕಡೆ ತಿರುಗಿದಳು. "ನನ್ನ ಲೈಟ್‌ಹೌಸಿಗೆ ಥ್ಯಾಂಕ್ಸ್ ಹೇಳೇ ಅಕ್ಕಾ!"

ಯಜಮಾನರ ಕೋಪ ಮಂಗಮಾಯ. "ಹಾಗಾದ್ರೆ ಎರಡನ್ನೂ ಒಂದೇ ಬಾಕ್ಸಿಗೆ ಹಾಕೋಣ! ಹಡಗು ಉಳ್ಕೊಳ್ತು ಕಣೇ ಮಗಳೇ!"

ದೊಡ್ಡವಳು ನಿಧಾನಕ್ಕೆ ತಲೆ ಎತ್ತಿದಳು.

"ಬಾಕ್ಸ್ ಮೇಲೆ ಯಾವ ಚಿತ್ರ ದೊಡ್ಡದಿರುತ್ತೆ ಅಪ್ಪ?"

"ಇದೇನು ಕೇಳ್ತೀಯ? ಮಾರೋದು ಯಾವುದೋ ಅದರದ್ದು! ನಿನ್ನದು ಪಕ್ಕದಲ್ಲಿ, ಚಿಕ್ಕದಾಗಿ."

ಇಂಜಿನ್ ಮತ್ತೆ ಗುರ್ರ್ ಎಂದಿತು!

ಎಲ್ಲರೂ ದಿಕ್ಕಾಪಾಲು. ಆದರೆ ಅವಳು ಯಾರ ಮೇಲೂ ಬರಲಿಲ್ಲ. ಸೀದಾ ಅಚ್ಚಿನ ರೂಮಿಗೆ ನುಗ್ಗಿದಳು. ನಾನೂ ರ್‍ಯಾಕಿನಿಂದ ಇಳಿದು ಎಲ್ಲರ ಜೊತೆ ಹಿಂದೆ ಓಡಿದೆ. ಹಡಗಿನ ಅಚ್ಚನ್ನು ಕೊಂಬಿನ ಮೇಲೆ ಎತ್ತಿಕೊಂಡು ಹೊರಬಂದಳು. ಅಂಗಳದಲ್ಲಿ ಗುಜರಿ ಲಾರಿ ತುಂಬಿ ನಿಂತಿತ್ತು. ಅಚ್ಚನ್ನು ಅದರ ಮೇಲೆ ಕೆಡವಿದಳು. ಲಾರಿ ಅಲುಗಾಡಿಹೋಯಿತು.

"ಹೊರಡಪ್ಪ!" ಡ್ರೈವರಿಗೆ ಕೂಗಿದಳು. "ಕರಗಿಸಿಬಿಡು! ಅವಳ ಬಾಲ ಆಗಿ ಉಳಿಯೋದು ಬೇಡ!"

"ತಡೀರ್ರೀ ಅವಳನ್ನ!" ಯಜಮಾನರು ನನ್ನ ತೋಳು ಜಗ್ಗಿದರು.

"ಯಾರು ಅಂತ ಪತ್ತೆ ಮಾಡಿ ಅಂದ್ರಿ. ಮಾಡಿದೀನಿ. ತಡೆಯೋದು ಮಾತಲ್ಲಿರ್ಲಿಲ್ಲ."

ಲಾರಿ ಹೋಯಿತು. ಅವಳು ಸೀಟಿನಲ್ಲೇ ಕೂತು ಅತ್ತಳು. ಯಾರೂ ಹತ್ತಿರ ಹೋಗಲಿಲ್ಲ.

ಆಮೇಲೆ ಏನಾಯಿತು ಗೊತ್ತಾ?

ಹಡಗು ಇನ್ನು ಮುಂದೆ ತಯಾರಾಗುವುದಿಲ್ಲ ಎಂಬ ಸುದ್ದಿ ಹಬ್ಬಿತು. ಅಷ್ಟೇ! ಇದ್ದಬದ್ದ ಬಾಕ್ಸ್‌ಗಳಿಗೆ ಜನ ಮುಗಿಬಿದ್ದರು. ನನ್ನ ಪ್ರಾಣ ಉಳಿಸಿದ ರ್‍ಯಾಕು ಖಾಲಿ. ಅಂಗಡಿಯವರು ಇನ್ನೊಂದು ಕೊಡಿ ಎಂದು ಯಜಮಾನರ ಗಡ್ಡ ಹಿಡಿದು ಗೋಗರೆಯುತ್ತಿದ್ದರು. ಆ ತಿಂಗಳು ಹಡಗಿನ ಗೋಪುರ ಲೈಟ್‌ಹೌಸನ್ನು ದಾಟಿತಂತೆ. ಮೇಲಿನ ಬ್ಲಾಕ್ ಇಡಲು ದೊಡ್ಡವಳು ಸ್ಟೂಲ್ ಹತ್ತಿದಳಂತೆ.

ಮೊನ್ನೆ ನನಗೊಂದು ಫೋನ್ ಬಂತು. ಚಿಕ್ಕವಳು. ದನಿಯಲ್ಲಿ ಆ ನಗು ಇರಲಿಲ್ಲ.

"ಸಾರ್... ನನ್ನ ಲೈಟ್‌ಹೌಸ್ ಅಚ್ಚನ್ನ ಯಾರಿಗೂ ಗೊತ್ತಾಗ್ದಂಗೆ ಮಾಯ ಮಾಡೋಕೆ ನೀವೆಷ್ಟು ತಗೋತೀರ?"

"ನಿಮ್ಮಕ್ಕನ್ನ ಕೇಳಿ ಮೇಡಂ," ಎಂದೆ. "ಅವರು ಪುಕ್ಕಟೆ ಮಾಡಿಕೊಡ್ತಾರೆ."