ಗಾಜಿನೊಳಗಿನ ಕೆಂಪು ಚುಕ್ಕೆ

ವೇಯ್ನನ ದೇಹವನ್ನು ತಗಡು ಒತ್ತುವ ಪ್ರೆಸ್ಸಿನಿಂದ ಬಿಡಿಸಿದ್ದು ಜೆರಿಯೇ. ಉಳಿದವರೆಲ್ಲ ಬಾಯಿಗೆ ಕೈ ಹಿಡಿದು ನಿಂತಿದ್ದಾಗ, ಕೊಲ್ಲಿ ದೇಶದ ಸಲ್ಮಾಬಾದಿನ ಆ ವರ್ಕ್‌ಶಾಪಿನ ಫೋರ್‌ಮನ್ ಆದ ಅವನೇ ಹೋಗಿ ಉಕ್ಕಿನ ದಿಮ್ಮಿಯನ್ನು ಮೇಲೆತ್ತಿ, ತಮ್ಮನಲ್ಲಿ ಉಳಿದದ್ದನ್ನು ಮಡಿಲಿಗೆ ಎಳೆದುಕೊಂಡಿದ್ದ. ಪ್ರೆಸ್ಸಿನ ಮುಂದೆ ಇರಬೇಕಿದ್ದ ಜಾಲರಿ ಗಾರ್ಡ್ ಗೋಡೆಗೆ ಒರಗಿತ್ತು. ಕೆಲಸ ಬೇಗ ಮುಗಿಯಲಿ ಎಂದು ಅದನ್ನು ಬಿಚ್ಚಿಸಿದ್ದು ಮ್ಯಾನೇಜರ್ ಪ್ರೇಮನಾಥ. ಪೊಲೀಸರ ಮುಂದೆ ಅದೇ ಪ್ರೇಮನಾಥ, ಹುಡುಗನೇ ಅದನ್ನು ಬಿಚ್ಚಿದ್ದು, ನಾನು ಎಷ್ಟೋ ಸಲ ಬೈದಿದ್ದೆ ಎಂದು ಹೇಳಿಕೆ ಕೊಟ್ಟ. ಹೇಳುವಾಗ ಕಣ್ಣಲ್ಲಿ ನೀರು ಬೇರೆ. ಆಮೇಲೆ ಜೆರಿಯ ಹೆಗಲ ಮೇಲೆ ಕೈಯಿಟ್ಟು, ಊರಿನಲ್ಲಿ ಕ್ರಿಸ್ತುವರನ್ನು ಕರೆಯುವ ಹಾಗೆ ಕರೆದ.

"ಎಂತ ಮಾಡುವುದು ಪೊರ್ಬುಗಳೇ, ಹಣೆಯಲ್ಲಿ ಬರೆದದ್ದು. ಬೇಗ ಕೆಲಸಕ್ಕೆ ಬನ್ನಿ. ರೂಮಿನಲ್ಲಿ ಒಬ್ಬರೇ ಕೂತರೆ ತಲೆ ಕೆಡ್ತದೆ."

ಜೆರಿ ಕೆಲಸಕ್ಕೆ ಬಂದ. ತಲೆ ಕೆಡಲಿಲ್ಲ. ಅಷ್ಟು ಸ್ವಚ್ಛವಾಗಿ ಅದು ಹಿಂದೆಂದೂ ಓಡಿರಲಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಕುಡಿಸುವ ಕೆಲಸವನ್ನು ದೇವರಿಗೆ ಬಿಟ್ಟು ಕೂರುವಷ್ಟು ತಾಳ್ಮೆ ಅವನಲ್ಲಿ ಇರಲಿಲ್ಲ, ಅಷ್ಟೆ.

ಗುಟ್ಟಾಗಿ ಒಂದು ಪಿಸ್ತೂಲು ಸಂಪಾದಿಸಿದ. ಅದನ್ನು ಕೊಟ್ಟವನು ಆಗಲೇ ದೇಶ ಬಿಟ್ಟಿದ್ದ. ಹೇಳಿದ ಹೆಸರೂ ಸುಳ್ಳೇ ಇರಬೇಕು. ತೊಂದರೆ ಇದ್ದದ್ದು ಜೆರಿಯ ಕಣ್ಣಿನಲ್ಲಿ. ಐವತ್ತು ದಾಟಿದ ಕಣ್ಣು ಹತ್ತಿರದ್ದನ್ನು ನೋಡಿದರೆ ದೂರದ್ದು ಮಂಜು, ದೂರದ್ದನ್ನು ನೋಡಿದರೆ ಹತ್ತಿರದ್ದು ಮಂಜು. ಗುರಿ ಹಿಡಿಯಲು ಪಿಸ್ತೂಲಿನ ಹಿಂದಿನ ಕಚ್ಚು, ತುದಿಯ ಮೊಳೆ, ಎದುರಿನ ಮನುಷ್ಯ, ಇವಿಷ್ಟನ್ನೂ ಒಂದೇ ಗೆರೆಗೆ ತರುವಷ್ಟರಲ್ಲಿ ಆ ಮನುಷ್ಯ ಚಹಾ ಕುಡಿದು ಹೊರಟುಹೋದಾನು. ಅದಕ್ಕೆ ಮದ್ದು ರೆಡ್ ಡಾಟ್ ಎಂಬ ಪುಟ್ಟ ಸಾಧನ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಮೇಲೊಂದು ಗಾಜು, ಗಾಜಿನಲ್ಲಿ ಒಂದು ಕೆಂಪು ಚುಕ್ಕೆ. ಎರಡೂ ಕಣ್ಣು ತೆರೆದು ಮನುಷ್ಯನನ್ನೇ ನೋಡಬೇಕು, ಚುಕ್ಕೆ ತಾನಾಗಿ ಅವನ ಮೇಲೆ ಕೂರುತ್ತದೆ.

ಪಿಸ್ತೂಲು ಹಳೆಯ ಕಾಲದ್ದು, ಇಂಥದ್ದನ್ನು ಕೂರಿಸಲು ಅದರಲ್ಲಿ ಜಾಗವೇ ಇರಲಿಲ್ಲ. ಜಾಗ ಮಾಡುವುದೇ ತಾನೇ ಜೆರಿಯ ಜೀವಮಾನದ ಕೆಲಸ. ಒಂದು ರಜೆಯ ಮಧ್ಯಾಹ್ನ ವರ್ಕ್‌ಶಾಪಿನ ಬೀಗ ತೆಗೆದು, ಪಿಸ್ತೂಲಿನ ಮೇಲ್ಭಾಗದ ಸ್ಲೈಡನ್ನು ಕಳಚಿ, ಗೀರು ಬೀಳದ ಹಾಗೆ ತಾಮ್ರದ ತಗಡಿನ ನಡುವೆ ವೈಸಿಗೆ ಕಚ್ಚಿಸಿದ. ಮಿಲ್ಲಿಂಗ್ ಮೆಷಿನ್ ಉಕ್ಕನ್ನು ಕೂದಲೆಳೆಯಷ್ಟೇ ಕೆರೆದು ತೆಗೆಯುತ್ತ ಹೋಯಿತು. ಸಾಧನ ಆ ಗುಂಡಿಯೊಳಗೆ ಅಲ್ಲಾಡದೆ ಕೂತಾಗ ಅವನಿಗೆ ತಮ್ಮ ಸತ್ತ ಮೇಲೆ ಮೊದಲ ಬಾರಿ ಹಸಿವಾಯಿತು.

ಆದರೂ ಸಾಖೀರ್‌ನ ಮರಳುಗಾಡಿನಲ್ಲಿ, ಚಳಿಗಾಲದಲ್ಲಿ ಜನ ಹೂಡುವ ಟೆಂಟುಗಳಿಂದ ದೂರ ಹೋಗಿ ಪರೀಕ್ಷಿಸಿದಾಗ ಗುಂಡುಗಳು ಎಲ್ಲೆಲ್ಲಿಗೋ ಹೋದವು. ಕೆಲವೇ ಗುಂಡಿನ ಹೊಡೆತಕ್ಕೆ ಸ್ಕ್ರೂ ಸಡಿಲವಾಗಿ ಚುಕ್ಕೆ ಸರಿದಿತ್ತು. ಜೆರಿ ತನ್ನನ್ನೇ ಕೆಟ್ಟದಾಗಿ ಬೈದುಕೊಂಡ. ಸ್ಕ್ರೂ ತೂತಿನಲ್ಲಿ ಎಣ್ಣೆಯ ಪಸೆ ಉಳಿದಿತ್ತು, ಅಂಟು ಹಿಡಿದಿರಲಿಲ್ಲ. ತೂತುಗಳನ್ನು ಉಜ್ಜಿ ಒಣಗಿಸಿ, ಹೊಸ ಅಂಟು ಹಾಕಿ, ಬಿಗಿದು, ಅದು ಪೂರ್ತಿ ಗಟ್ಟಿಯಾಗುವವರೆಗೆ ಮುಟ್ಟದೆ ಬಿಟ್ಟ. ಮುಂದಿನ ಸಲ ಗುಂಡುಗಳೆಲ್ಲ ಒಂದು ಚಹಾ ತಟ್ಟೆಯ ಅಗಲದಲ್ಲಿ ಬಿದ್ದವು. ಎಣ್ಣೆಯ ಪಸೆಯಷ್ಟು ಚಿಕ್ಕದನ್ನೂ ಬಿಡದವನಿಂದ ಇನ್ನು ಯಾವ ತಪ್ಪು ಆದೀತು ಎಂದುಕೊಂಡ.

ಪ್ರೇಮನಾಥ ಸತ್ತರೆ ಪೊಲೀಸರು ಮೊದಲು ಬರುವುದು ತನ್ನ ಬಾಗಿಲಿಗೇ ಎಂದು ಜೆರಿಗೆ ಗೊತ್ತಿತ್ತು. ಆ ಹೊತ್ತಿನಲ್ಲಿ ತಾನು ಬೇರೆಡೆ ಇದ್ದೆ ಎಂದು ಊರೇ ಹೇಳಬೇಕು. ಕೊಲ್ಲಿಯ ದೇಶದಲ್ಲಿ ವಾರದ ರಜೆ ಶುಕ್ರವಾರ, ಹಾಗಾಗಿ ಭಾನುವಾರದ ಬಲಿಪೂಜೆಯೂ ಶುಕ್ರವಾರವೇ. ತಿಂಗಳ ಮೊದಲ ಶುಕ್ರವಾರ ಮನಾಮದ ಇಗರ್ಜಿಯಲ್ಲಿ ಕೊಂಕಣಿ ಪೂಜೆ. ಒಳಗೆ ಹಿಡಿಸದೆ ಅಂಗಳದಲ್ಲೂ ನಿಲ್ಲುವಷ್ಟು ಜನ. ಜೆರಿ ಅದನ್ನು ತಪ್ಪಿಸಿದ್ದೇ ಇಲ್ಲ. ಪೂಜೆಗೆ ಮುಂಚೆ ನಾಲ್ಕು ಜನರ ಕಣ್ಣಿಗೆ ಬೀಳುವುದು, ಮುಗಿದ ಮೇಲೆ ಸನ್ನಾ ಎಂಬ ಅಕ್ಕಿಯ ಇಡ್ಲಿ ಮತ್ತು ಚಹಾದ ಸಾಲಿನಲ್ಲಿ ಮತ್ತೆ ಕಾಣಿಸಿಕೊಳ್ಳುವುದು. ನಡುವೆ ಜೆರಿ ಇದ್ದನಾ ಎಂದು ಕೇಳಿದರೆ, ಇರದೆ ಎಲ್ಲಿಗೆ ಹೋಗ್ತಾನೆ ಎಂದೇ ಎಲ್ಲರೂ ಹೇಳುವುದು. ಅಂದಿನ ಸುವಾರ್ತೆಯ ಪಾಠವನ್ನೂ ಮೊದಲೇ ಓದಿಟ್ಟುಕೊಂಡ. ಮೊಬೈಲು ಇಗರ್ಜಿಯ ಅಂಗಳದಲ್ಲಿ ನಿಲ್ಲಿಸಿದ ಕಾರಿನಲ್ಲೇ ಇರಲಿ.

ದಿನವನ್ನೂ ಹಾಗೇ ಆರಿಸಿದ್ದ. ಫೆಬ್ರವರಿಯ ಮೊದಲ ಶುಕ್ರವಾರ ವೇಯ್ನ್ ಸತ್ತು ಸರಿಯಾಗಿ ವರ್ಷ. ತಮ್ಮನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಜೆರಿಗೆ ತೋಚಲಿಲ್ಲ.

ಆ ಬೆಳಿಗ್ಗೆ ಅಂಗಳದಲ್ಲಿ ಮರ್ವಿನ್ ಸಿಕ್ಕಿದ, ಪೂಜೆಗೆ ಬಂದವರಿಗೆ ಜಾಗ ತೋರಿಸಿ ಕೂರಿಸುವವನು. ಅವನ ಕೈ ಕುಲುಕಿ ಗುರುತು ಉಳಿಸಿದ್ದಾಯಿತು. ಗಾಯನ ಮಂಡಳಿಯ ಕಡೆ ಹೋಗುತ್ತಿದ್ದ ಗ್ಲೆನಿಟಾ ಇವನನ್ನು ಕಂಡು ಓಡಿ ಬಂದಳು. ಅವಳು ನರ್ಸು, ವೇಯ್ನನ ಜೊತೆ ನಿಶ್ಚಿತಾರ್ಥ ಆಗಿದ್ದವಳು. ಅವನು ಹೋದ ಮೇಲೆ ಜೆರಿ ಅವಳನ್ನು ಆದಷ್ಟು ತಪ್ಪಿಸಿಕೊಂಡೇ ಓಡಾಡಿದ್ದ. ಅವಳ ಮುಖ ನೋಡಿದರೆ ವೇಯ್ನನೇ ಕಣ್ಣಿಗೆ ಕಟ್ಟುತ್ತಿದ್ದ.

"ಭಾವ, ಒಂದು ವಿಷಯ ಹೇಳ್ಬೇಕಿತ್ತು."

"ಪೂಜೆ ಆದ ಮೇಲೆ ಮಾತಾಡುವಾ," ಎಂದು ಜೆರಿ ಜನರ ನಡುವೆ ಸರಿದುಬಿಟ್ಟ. ಒಳಗೆ ಮೊದಲ ಹಾಡು ಶುರುವಾದಾಗ ಅವನು ಹಿಂದಿನ ಗೇಟಿನಿಂದ ಹೊರಬಿದ್ದಾಗಿತ್ತು. ಓಣಿಯಲ್ಲಿ ವರ್ಕ್‌ಶಾಪಿನ ಗುಜರಿ ಪಿಕಪ್ ಕಾಯುತ್ತಿತ್ತು.

ಪ್ರೇಮನಾಥ ಪ್ರತಿ ಶುಕ್ರವಾರ ರಿಫಾದ ಮನೆಯಿಂದ ಒಬ್ಬನೇ ವರ್ಕ್‌ಶಾಪಿಗೆ ಬರುತ್ತಿದ್ದ. ತಾರಸಿಯಲ್ಲಿ ಅವನ ಪಾರಿವಾಳಗಳಿದ್ದವು. ಜೆರಿ ಶರ್ಟಿನ ಮೇಲೆ ಕೆಲಸದ ಡಾಂಗ್ರಿ, ಕಾಲಿಗೆ ಕೆಲಸದ ಬೂಟು ತೊಟ್ಟು, ಪಕ್ಕದ ಗೋದಾಮಿನ ತಾರಸಿ ಹತ್ತಿ ನೀರಿನ ಟ್ಯಾಂಕಿನ ಹಿಂದೆ ಕೂತ. ಕೆಳಗಿನ ಶೆಡ್ಡಿನಲ್ಲಿ ಜನರೇಟರ್ ರಜೆಯಿಲ್ಲದೆ ಬಡಿದುಕೊಳ್ಳುತ್ತಿತ್ತು, ಗುಂಡಿನ ಸದ್ದೂ ಅದರಲ್ಲಿ ಮುಳುಗಿಹೋಗುವಷ್ಟು ಜೋರಾಗಿ. ಪ್ರೇಮನಾಥ ಬನಿಯನ್ನಿನಲ್ಲಿ ಬಂದು ಗೂಡು ತೊಳೆದ, ಜೋಳ ಚೆಲ್ಲಿದ, ಒಂದು ಬಿಳಿ ಹಕ್ಕಿಯನ್ನು ಎತ್ತಿ ಎದೆಗೆ ಒತ್ತಿಕೊಂಡ. ಜೆರಿ ಎರಡೂ ಕಣ್ಣು ತೆರೆದು ನೋಡಿದ. ಕೆಂಪು ಚುಕ್ಕೆ ಬನಿಯನ್ನಿನ ಮೇಲೆ ಕೂತು ಅಲ್ಲೇ ನಿಂತಿತು. ಬೇರೇನೂ ಕಾಣಲಿಲ್ಲ, ಬೇಕಾಗಿಯೂ ಇರಲಿಲ್ಲ.

ಮೊದಲ ಗುಂಡು ಹಕ್ಕಿಯನ್ನೂ ಎದೆಯನ್ನೂ ಹಾದುಹೋಯಿತು. ಎರಡನೆಯದು ಹೊಟ್ಟೆಗೆ. ಪ್ರೇಮನಾಥ ಜೋಳದ ಮೇಲೆ ಕೂತು, ಆಮೇಲೆ ಮಗುಚಿಕೊಂಡು ಏಣಿಯ ಕಡೆ ತೆವಳತೊಡಗಿದ. ಹಿಂದೆ ರಕ್ತದ ಅಗಲವಾದ ಪಟ್ಟೆ, ಅದರ ಮೇಲೆ ಪುಕ್ಕಗಳು ಅಂಟುತ್ತಿದ್ದವು. ಅಲ್ಲಿಂದಲೇ ಹೊರಡುವುದೆಂದು ಲೆಕ್ಕ. ಆದರೆ ಜೆರಿಯ ಕಾಲು ಕೇಳಲಿಲ್ಲ. ಗೋಡೆ ದಾಟಿ ಹೋಗಿ, ಬೂಟಿನಿಂದ ಅವನನ್ನು ಅಂಗಾತ ತಿರುಗಿಸಿದ.

"ಗಾರ್ಡ್ ತೆಗೆಸಿದ್ದು ಯಾರು?"

ಪ್ರೇಮನಾಥನ ಬಾಯಲ್ಲಿ ರಕ್ತ ಗುಳ್ಳೆಯಾಗಿ ಒಡೆಯಿತು. "ನಾನೇ... ಪೊರ್ಬುಗಳೇ, ಮಕ್ಕಳಿದ್ದಾರೆ ಮಾರಾಯ್ರೆ..."

"ನನಗೂ ಒಬ್ಬ ತಮ್ಮ ಇದ್ದ," ಎಂದು ಜೆರಿ ಹಣೆಗೇ ಗುರಿಯಿಟ್ಟು ಹೊಡೆದ. ಬರೆದದ್ದು ಅಲ್ಲೇ ಅಲ್ಲವೇ. ತಲೆಯ ಹಿಂಭಾಗ ತಾರಸಿಯ ಮೇಲೆ ಹರಡಿತು. ಜೆರಿಗೆ ಸಂತೋಷವಾಯಿತು, ನಿಜವಾಗಿಯೂ ಆಯಿತು.

ಪಿಸ್ತೂಲು, ಡಾಂಗ್ರಿ, ಬೂಟು ಎಲ್ಲ ಕಲ್ಲು ಕಟ್ಟಿದ ಗೋಣಿಯಲ್ಲಿ ತುಬ್ಲಿ ಕೊಲ್ಲಿಯ ಕೆಸರು ಸೇರಿದವು. ಇಸ್ತ್ರಿ ಮಾಡಿದ ಶರ್ಟಿನಲ್ಲಿ ಜೆರಿ ಹಿಂದಿನ ಗೇಟಿನಿಂದ ಒಳಬಂದಾಗ ಕೊನೆಯ ಹಾಡು ಮುಗಿದು ಜನ ಹೊರಗೆ ಬರುತ್ತಿದ್ದರು. ಅವನು ಸಾಲಿನಲ್ಲಿ ನಿಂತು ಸನ್ನಾ ತೆಗೆದುಕೊಂಡ, ಒಂದು ತುಂಡು ಬಾಯಿಗೂ ಹಾಕಿದ. ಅಕ್ಕಪಕ್ಕದವರು ಮಾತು ನಿಲ್ಲಿಸಿ ತನ್ನ ಕಡೆ ನೋಡುತ್ತಿರುವುದು ಆಗ ಗಮನಕ್ಕೆ ಬಂತು. ಒಳ್ಳೆಯದೇ, ನೋಡಲಿ ಎಂದುಕೊಂಡ.

ಗ್ಲೆನಿಟಾ ಜನರನ್ನು ಸರಿಸಿಕೊಂಡು ಬಂದಳು, ಅತ್ತು ಅತ್ತು ಮೂಗು ಕೆಂಪಾಗಿತ್ತು. "ಎಲ್ಲಿ ಹೋಗಿದ್ರಿ ಭಾವ? ಇವತ್ತಿನ ಪೂಜೆ ನಾನು ವೇಯ್ನನ ಹೆಸರಲ್ಲಿ ಇಡಿಸಿದ್ದೆ, ವರ್ಷದ್ದು ಅಲ್ವಾ. ಕಾಣಿಕೆ ತೆಗೊಂಡು ಪೀಠದ ಹತ್ರ ಅಣ್ಣ ಜೆರಿ ಬರಲಿ ಅಂತ ಫಾದರ್ ಮೈಕಲ್ಲಿ ಕರೆದ್ರು, ಮತ್ತೆ ಮತ್ತೆ ಕರೆದ್ರು. ಇಡೀ ಇಗರ್ಜಿ ತಿರುಗಿ ತಿರುಗಿ ನಿಮ್ಮನ್ನು ಹುಡುಕ್ತು. ಮರ್ವಿನ್ ಕಾರಿನ ಹತ್ರ ಹೋದ್ರೆ ಒಳಗೆ ಫೋನ್ ಮಾತ್ರ ಹೊಡ್ಕೊಳ್ತಾ ಇತ್ತಂತೆ." ಈ ದಿನ ತನ್ನನ್ನು ಬಿಟ್ಟು ಇನ್ನೊಬ್ಬರ ನೆನಪಿನಲ್ಲೂ ಇದ್ದೀತು ಎಂದು ಜೆರಿಗೆ ವರ್ಷವಿಡೀ ಒಮ್ಮೆಯೂ ಹೊಳೆದಿರಲಿಲ್ಲ. "ಎಷ್ಟು ಹೊತ್ತು ಕಾದ್ವಿ," ಎಂದಳು ಗ್ಲೆನಿಟಾ, "ಕೊನೆಗೆ ನಾನೊಬ್ಬಳೇ ತೆಗೊಂಡು ಹೋದೆ."