ಬೆಟ್ಟ ಹತ್ತಿದ ಪಂಪು

೨೦೧೩ರ ಅಕ್ಟೋಬರ್ ೨೧, ಸೋಮವಾರ. ಬೆಳಿಗ್ಗೆ ಎಂಟರ ಹೊತ್ತಿಗೆ ಪಟಕಾನ್ ಪೊಲೀಸ್ ಠಾಣೆಯ ಬಾಗಿಲವರೆಗೂ ಮಂಜು ಬಂದು ನಿಂತಿತ್ತು. ಆ ಮಂಜಿನೊಳಗಿಂದ ಮೊದಲು ಬೈಗುಳ ಬಂತು, ಆಮೇಲೆ ಪುರಿಂಗಕ್ಕ ಬಂದಳು.

"ಇನ್‌ಸ್ಪೆಕ್ಟ್ರು ಸಾಹೇಬ್ರು ಎದ್ದಿದ್ದಾರೋ, ಇಲ್ಲ ಕುರ್ಚೀಲೇ ನಿದ್ದೆನೋ? ನಮ್ಮ ಪಂಪಿನ ಎಂಜಿನ್ ಕದ್ದುಬಿಟ್ಟಿದಾರೆ!"

ಇನ್‌ಸ್ಪೆಕ್ಟರ್ ಡೆಲ್ಫಿನ್ ಬುಗ್ನಾಯ್ ನಿದ್ದೆ ಮಾಡುತ್ತಿರಲಿಲ್ಲ. ಹಾಗಂತ ಪೂರ್ತಿ ಎಚ್ಚರವಾಗಿಯೂ ಇರಲಿಲ್ಲ. ಫಿಲಿಪೀನ್ಸಿನ ಬೆಂಗೆಟ್ ಗುಡ್ಡಗಳಲ್ಲಿ ಅಕ್ಟೋಬರ್ ಕೊನೆಯೆಂದರೆ ಹಾಗೆಯೇ. ಹಗಲು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಮಂಜು ಗುಟ್ಟು ಬಿಟ್ಟುಕೊಡುವುದಿಲ್ಲ. ಅವನು ತನ್ನ ಕಾಫಿಯ ಲೋಟವನ್ನು ಅವಳ ಕಡೆ ಸರಿಸಿದ. ಕಾನ್‌ಸ್ಟೇಬಲ್ ಗ್ಲಾಡಿಸ್ ಕಲ್ಪಿ ದೂರಿನ ಪುಸ್ತಕ ತೆರೆದಳು.

ಪುರಿಂಗ್ ಸಗ್ಪಾಯ್ ಮೇಲಿನ ದಗ್ಯಾನ್ ಹಳ್ಳಿಯ ಹೂ ಬೆಳೆಗಾರರ ಸಂಘದ ಅಧ್ಯಕ್ಷೆ. ಸತ್ತವರ ಹಬ್ಬಕ್ಕೆ ಇನ್ನು ಎರಡು ವಾರವೂ ಇರಲಿಲ್ಲ. ಕೆಳನಾಡಿನ ಸಮಾಧಿಗಳಿಗೆಲ್ಲ ಹೋಗುವ ಬಿಳಿ ಸೇವಂತಿಗೆ ದಗ್ಯಾನಿನ ಪ್ಲಾಸ್ಟಿಕ್ ಚಾವಣಿಗಳ ಅಡಿಯಲ್ಲಿ ಮೊಗ್ಗು ಬಿಟ್ಟಿತ್ತು. ಮಳೆ ಚಾವಣಿಯ ಮೇಲೆ ಬೀಳುತ್ತದೆ, ಗಿಡಕ್ಕಲ್ಲ. ಗಿಡಕ್ಕೆ ನೀರು ಬರುವುದು ಊಟೆಯ ಪಕ್ಕದ ಪಂಪಿನಿಂದ ಮಾತ್ರ. ಊರಿನ ವರ್ಷದ ಅನ್ನ ಆ ಮೊಗ್ಗುಗಳಲ್ಲಿತ್ತು.

"ಕೊನೇ ಸಲ ಯಾವಾಗ ಓಡ್ತು?"

"ಶನಿವಾರ ಸಂಜೆ. ಭಾನುವಾರ ಎಲ್ರೂ ಚರ್ಚಿಗೆ ಹೋಗಿದ್ವಿ."

"ಎಂಥ ಎಂಜಿನ್ನು?"

"ಮೂರು ಸಿಲಿಂಡರಿಂದು. ಡೀಸೆಲ್. ಜಪಾನಿನ ಹಳೇ ಮಾಲು."

"ಯಾರ ಮೇಲಾದ್ರೂ ಅನುಮಾನ?"

"ಎಲ್ಲರ ಮೇಲೂ. ನಿನ್ನೊಬ್ಬನ್ನ ಬಿಟ್ಟು." ಅವಳ ಬಾಯಲ್ಲಿ ಸಾಹೇಬರು ಅಷ್ಟರಲ್ಲೇ ಏಕವಚನಕ್ಕೆ ಇಳಿದಿದ್ದರು. "ನಿಂಗೆ ಒಂದು ಸ್ಕ್ರೂ ಬಿಚ್ಚೋಕೂ ಬರಲ್ಲ, ಚಿಕ್ಕಂದಿನಿಂದ ನೋಡಿದೀನಿ."

ಪ್ರಕರಣ ದಾಖಲಾಯಿತು. ಮೂವರೂ ನಡೆದೇ ದಗ್ಯಾನಿಗೆ ಹೊರಟರು. ಜುಲೈನಲ್ಲಿ ಗುಡ್ಡ ಕುಸಿದ ಮೇಲೆ ಅಲ್ಲಿಗೆ ರಸ್ತೆಯೆನ್ನುವುದು ಇರಲಿಲ್ಲ. ಏಣಿಯಂಥ ಕೆಸರಿನ ದಾರಿಯೊಂದಿತ್ತು. ಬಾಡಿಗೆ ವ್ಯಾನಿನವರು ಅದನ್ನು ದೂರದಿಂದ ನೋಡಿಯೇ ಕೈಮುಗಿಯುತ್ತಿದ್ದರು.

ಊಟೆಯ ಬಳಿ ಊರಿನ ಇಬ್ಬರು ಹಿರಿಯರನ್ನು ಪಂಚರನ್ನಾಗಿ ನಿಲ್ಲಿಸಿ ಪಂಚನಾಮೆ ಶುರುಮಾಡಿದರು. ಸಿಮೆಂಟಿನ ಕಟ್ಟೆ ಖಾಲಿ. ಆದರೆ ಬಿಚ್ಚಿದ ಬೋಲ್ಟುಗಳೆಲ್ಲ ಮತ್ತೆ ತಂತಮ್ಮ ತೂತುಗಳಲ್ಲಿ ಕೂತಿದ್ದವು, ಕಳೆದುಹೋಗದಂತೆ ಕೈಯಲ್ಲೇ ತಿರುಗಿಸಿಟ್ಟಿದ್ದರು. ಪಂಪಿನ ಬಾಯಿಗೆ ಒಗೆದ ಬಟ್ಟೆ ಕಟ್ಟಿತ್ತು. ಕಟ್ಟೆಯ ಬುಡದ ಕಲ್ಲು ಜಿನ್ ಸಾರಾಯಿಯ ವಾಸನೆ ಹೊಡೆಯುತ್ತಿತ್ತು. ಊಟೆಯಲ್ಲಿರುವ ಕಣ್ಣಿಗೆ ಕಾಣದವರಿಗೆ ಒಂದು ಗುಟುಕು ಸುರಿಯದೆ ದಗ್ಯಾನಿನಲ್ಲಿ ಯಾರೂ ಆ ನೀರಿನ ತಂಟೆಗೆ ಹೋಗುವುದಿಲ್ಲ.

"ಸರ್, ಈ ಕಳ್ಳ ಅಪ್ಪಣೆ ಕೇಳಿ ಕದ್ದಿದಾನೆ," ಎಂದಳು ಗ್ಲಾಡಿಸ್.

"ಹೊರಗಿನವನಲ್ಲ ಹಾಗಾದ್ರೆ."

ಮರದ ಹಲಗೆಯ ಮೇಲೆ ಎಳೆದ ಗುರುತು ಹುಲ್ಲಿನಲ್ಲಿ ಇಳಿದು ಊರ ಬೀದಿಗೆ ಬಂದು ಮಾಯವಾಗಿತ್ತು. ಡೆಲ್ಫಿನ್ ನಾಲ್ಕು ಬೋಲ್ಟುಗಳನ್ನು ಸಾಕ್ಷಿಯ ಚೀಲಕ್ಕೆ ಹಾಕಿಕೊಂಡ. ಮನೆಮನೆಗೆ ಹೋಗಿ ಕೇಳಿದರು. ಯಾರೂ ಏನೂ ನೋಡಿರಲಿಲ್ಲ. ಎಲ್ಲರೂ ಚರ್ಚಿನಲ್ಲಿದ್ದರು, ಮಂಜು ಬೇರೆ. ಮರುದಿನ ಕೆಳನಾಡಿನ ಗುಜರಿ ಅಂಗಡಿಗಳಿಗೂ ಹಳೇ ಎಂಜಿನ್ ಮಾರುವವರಿಗೂ ಸುದ್ದಿ ಮುಟ್ಟಿಸಿದರು. ಅಂಥ ಮಾಲು ಬಂದಿಲ್ಲವೆಂದು ಎಲ್ಲ ಕಡೆಯಿಂದಲೂ ಉತ್ತರ ಬಂತು. ಅತ್ತ ದಗ್ಯಾನಿನಲ್ಲಿ ಮುದುಕರು ಮಕ್ಕಳೆನ್ನದೆ ಬಕೆಟ್ ಹಿಡಿದು ಮಂಜಿನಲ್ಲಿ ಸಾಲುಗಟ್ಟಿದ್ದರು. ಕೆಳಗಿನ ತಾಕುಗಳಲ್ಲಿ ಮೊಗ್ಗು ಕತ್ತು ಬಗ್ಗಿಸತೊಡಗಿತ್ತು. ಡೆಲ್ಫಿನ್ ಆ ಸಾಲನ್ನು ನೋಡಿದ್ದ. ಕಳ್ಳ ಎಷ್ಟೇ ಅಚ್ಚುಕಟ್ಟಿನವನಾದರೂ ಅವನ ಮೇಲೆ ಸಿಟ್ಟು ಬಂದಿತ್ತು.

ಗುರುವಾರ ಬೆಳಿಗ್ಗೆ ಪುರಿಂಗಕ್ಕ ಮತ್ತೆ ಬಂದಳು. ಈ ಸಲ ಬೈಗುಳವಿರಲಿಲ್ಲ, ಮುಖದಲ್ಲಿ ಗೊಂದಲವಿತ್ತು.

"ನಿನ್ನೆ ನಮ್ಮೂರ ಬಸಿಲಿಯೊ ಮನೇಲಿ ಸತ್ತವರ ಹೆಸರಲ್ಲಿ ಹಂದಿ ಕಡಿದ್ರು. ನಮ್ಮನೆಗೆ ಪಾಲು ಕಳಿಸಿದ್ರು."

"ಎಲ್ಲರ ಮನೆಗೂ ಕಳಿಸ್ತಾರಲ್ಲ."

"ಎಲ್ಲರಿಗೂ ದಾರದಲ್ಲಿ ಪೋಣಿಸಿದ ನಾಲ್ಕು ತುಂಡು. ನಂಗೆ ಇಡೀ ಮುಂಗಾಲು!"

ಡೆಲ್ಫಿನ್ ಲೋಟ ಕೆಳಗಿಟ್ಟ. ಮುಂಗಾಲಿನ ಪಾಲು ಯಾರಿಗೆ ಸಲ್ಲುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸತ್ತವರ ಕೆಲಸಕ್ಕೆ ಹಂಡೆಯನ್ನೋ ಹಗ್ಗವನ್ನೋ ಕತ್ತಿಯನ್ನೋ ಕೊಟ್ಟ ಮನೆಗೆ ಅದು ಹೋಗಬೇಕು. ಹೋಗದಿದ್ದರೆ ಆ ಕೆಲಸ ಸತ್ತವರಿಗೆ ಮುಟ್ಟುವುದಿಲ್ಲ.

"ನೀನು ಅವರಿಗೆ ಏನು ಕೊಟ್ಟಿದ್ದೆ ಅಕ್ಕಾ?"

"ಏನೂ ಇಲ್ಲ! ಕೇಳ್ದಾಗ್ಲೂ ಕೊಡ್ಲಿಲ್ಲ."

"ಏನು ಕೇಳಿದ್ದ?"

ಪುರಿಂಗಕ್ಕನ ಬಾಯಿ ತೆರೆದೇ ಉಳಿಯಿತು. "ಎಂಜಿನ್ನು," ಎಂದಳು ಕೊನೆಗೆ. "ಆಗಸ್ಟಿನಲ್ಲಿ. ನಾಲ್ಕು ದಿನಕ್ಕೆ ಅಂತ. ಊರಲ್ಲಿ ಅರ್ಧ ಜನ ಕೇಳ್ತಾರೆ ಕಣೋ, ಯಾರನ್ನ ಅಂತ ನೆನಪಿಟ್ಕೊಳ್ಳಲಿ? ಸಂಘದ ಮಾಲು, ಕೊಡಲ್ಲ ಅಂದೆ."

"ಆ ಮುಂಗಾಲು ಈಗ ಸಾಕ್ಷಿ. ಎಲ್ಲಿದೆ?"

"ಅರ್ಧ ತಿಂದ್ವಿ."

ಗ್ಲಾಡಿಸ್ ಪುಸ್ತಕದೊಳಗೆ ಮುಖ ಹುದುಗಿಸಿ ನಕ್ಕಳು.

ಬಸಿಲಿಯೊ ತಾಬ್ದಿಯ ಮನೆ ದಗ್ಯಾನಿನ ತುದಿಯಲ್ಲಿ, ದಾರಿ ಮುಗಿದು ಮೋಡ ಶುರುವಾಗುವಲ್ಲಿತ್ತು. ಅವನು ಹಳೇ ಲಾರಿಗಳನ್ನು ರಿಪೇರಿ ಮಾಡುವವನು. ಈಗ ಲಾರಿಗಳೇ ಬರುತ್ತಿರಲಿಲ್ಲ. ಅವನ ಹೆಂಡತಿ ಎಡ್ನಾ ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ. ಬಟಾಟೆ ಬೇಯಿಸುತ್ತಿದ್ದವಳು ಎರಡು ಸ್ಟೂಲು ಎಳೆದಿಟ್ಟಳು.

"ಯಜಮಾನ್ರು ಎಲ್ಲಿ?"

"ತಮ್ಮನ್ನ ಕರ್ಕೊಂಡು ಬರೋಕೆ ಹೋಗಿದಾರೆ ಸರ್. ಅತ್ತೇನೂ ಜೊತೆಗೆ."

"ತಮ್ಮ ಎಲ್ಲಿದಾನೆ?"

"ಕೆಳನಾಡಿನ ಪಂಗಸಿನಾನ್‌ನಲ್ಲಿ. ಹೂತು ಒಂಬತ್ತು ವರ್ಷ ಆಯ್ತು."

ಗ್ಲಾಡಿಸ್ ಹಿತ್ತಲಿನ ಕೊಟ್ಟಿಗೆ ನೋಡಲು ಹೋದಳು, ಡೆಲ್ಫಿನ್ ಮತ್ತು ಎಡ್ನಾ ಹಿಂದೆಯೇ ಹೋದರು. ಅಲ್ಲಿ ಬಸಿಲಿಯೊನ ಹಳೇ ಜೀಪು ಇರಲಿಲ್ಲ. ಅದರ ತುಕ್ಕು ಹಿಡಿದ ಪೆಟ್ರೋಲ್ ಎಂಜಿನ್ ಮೂಲೆಯಲ್ಲಿ ಮಲಗಿತ್ತು. ಪಕ್ಕದಲ್ಲಿ ಬಿಚ್ಚಿಟ್ಟ ಬಾನೆಟ್ಟು. ಗೋಡೆಗೆ ನೇತುಹಾಕಿದ್ದ ರಟ್ಟಿನ ತುಂಡೊಂದರಲ್ಲಿ ತೂತುಗಳ ಗುರುತಿತ್ತು. ಎಂಜಿನ್ನಿನ ಕಾಲಿಗೆಂದು ಬರೆದ ನಾಲ್ಕು ತೂತುಗಳಿಗೆ ಡೆಲ್ಫಿನ್ ಚೀಲದ ಬೋಲ್ಟುಗಳನ್ನು ತೂರಿಸಿ ನೋಡಿದ. ನಾಲ್ಕೂ ಕೂತವು.

"ಈ ರಟ್ಟು ಯಾವಾಗಿಂದು?"

"ಮೈದುನ ಬರ್ದಿದ್ದು. ಅನ್ಸೆಲ್ಮೊ. ಆ ಪಂಪು ಊರಿಗೆ ಬಂದ ದಿನವೇ ಅದರ ಅಳತೆ ತಗೊಂಡು ಬಂದಿದ್ದ. ಅಂಥದ್ದೇ ಒಂದನ್ನ ತಂದು ನಮ್ಮ ಜೀಪಿಗೆ ಹಾಕಿದ್ರೆ ಎಂಥ ಗುಡ್ಡ ಆದ್ರೂ ನಡ್ಕೊಂಡು ಹತ್ತತ್ತೆ ಅನ್ನೋನು. ಗೇರ್‌ಬಾಕ್ಸಿಗೂ ಎಂಜಿನ್ನಿಗೂ ಮಧ್ಯೆ ಕೂರಿಸೋಕೆ ಉಕ್ಕಿನ ತಟ್ಟೇನೂ ಕೊರೆದಿಟ್ಟಿದ್ದ. ಎಂಜಿನ್ ದುಡ್ಡಿಗೆ ಅಂತ ಕಟ್ಟಡದ ಕೆಲಸಕ್ಕೆ ಹೋದ. ಅಲ್ಲೇ ಬಿದ್ದು ಸತ್ತ."

"ಈಗ್ಯಾಕೆ ತರೋಕೆ ಹೋದ್ರು?"

ಎಡ್ನಾ ಭುಜವನ್ನು ಕೈಯಿಂದ ಉಜ್ಜಿಕೊಂಡಳು, ಚಳಿಯಾದವಳಂತೆ. "ಜುಲೈನಿಂದ ಅತ್ತೆ ಕನಸಲ್ಲಿ ಬರ್ತಿದಾನೆ. ಬೆವೆತು ನೀರಾಗಿರ್ತಾನಂತೆ. 'ಅಮ್ಮಾ, ಇಲ್ಲಿ ತುಂಬಾ ಸೆಕೆ. ಜೀಪ್ ತಗೊಂಡು ಬನ್ನಿ' ಅಂತಾನಂತೆ. ಆಮೇಲೆ ಇವ್ರ ಕನಸಲ್ಲೂ ಬಂದ. ಅದೇ ಮಾತು ಸರ್, ಒಂದಕ್ಷರ ಆಚೀಚೆ ಇಲ್ಲ. ಅತ್ತೆ ಅನ್ನ ಬಿಟ್ರು. ಅವನು ಬರೋವರೆಗೆ ಗಂಟಲಲ್ಲಿ ಇಳಿಯಲ್ಲ ಅಂತಾರೆ."

"ಮೂಳೆ ಗಂಟನ್ನ ಹೊತ್ತು ತರಬಹುದಿತ್ತಲ್ಲಮ್ಮ?"

"ಅವನು ಜೀಪ್ ಅಂದಿದ್ದ ಸರ್."

ಡೆಲ್ಫಿನ್ ತಲೆಯಾಡಿಸಿದ. ಗುಡ್ಡದಲ್ಲಿ ಹುಟ್ಟಿದ ಎಲ್ಲರಿಗೂ ಇದು ಗೊತ್ತು. ಸತ್ತವನು ಕೇಳಿದ್ದನ್ನು ಬಿಟ್ಟು ಬೇರೆಯದನ್ನು ಒಯ್ದರೆ ಅವನು ಮತ್ತೆ ಬರುತ್ತಾನೆ, ಇನ್ನೂ ದಣಿದು ಬರುತ್ತಾನೆ.

ಉಳಿದ ವಿಷಯ ಎಡ್ನಾಳೇ ಹೇಳಿದಳು. ಭಾನುವಾರದಿಂದ ಮೂರು ದಿನ ಬಸಿಲಿಯೊ ಕೊಟ್ಟಿಗೆ ಬಿಟ್ಟು ಹೊರಗೆ ಬಂದಿರಲಿಲ್ಲ. ತಮ್ಮನ ಉಕ್ಕಿನ ತಟ್ಟೆ ಕೂದಲೆಳೆಯಷ್ಟೂ ತಪ್ಪದೆ ಕೂತಿತು. ಅದನ್ನು ಮತ್ತೆ ಮತ್ತೆ ಬಟ್ಟೆಯಿಂದ ಒರೆಸುತ್ತಿದ್ದನಂತೆ. ಆ ಗುರುವಾರ ಬೆಳಿಗ್ಗೆಯೇ, ಮಂಜಿನಲ್ಲಿ, ಎಂಜಿನ್ ಆರಿಸಿ ಜೀಪನ್ನು ಇಳಿಜಾರಿನಲ್ಲಿ ಉರುಳಿಸಿಕೊಂಡು ಹೋಗಿದ್ದ. ಅಂದರೆ ಮಾಲು ಠಾಣೆಯ ಬಾಗಿಲ ಮುಂದೆಯೇ ಹಾದುಹೋಗಿತ್ತು. ಊರಿಗೆಲ್ಲ ಗೊತ್ತಿತ್ತೋ ಏನೋ. ಹಂದಿ ತಿಂದವರು ಯಾರೂ ಬಾಯಿ ಬಿಟ್ಟಿರಲಿಲ್ಲ.

ಅವನು ಮರಳುವ ಹೊತ್ತೆಂದು ಎಡ್ನಾ ಹೇಳಿದ್ದ ಶುಕ್ರವಾರ ಮಧ್ಯಾಹ್ನದಿಂದ ಕುಸಿದ ರಸ್ತೆಯ ಬುಡದಲ್ಲಿ ಡೆಲ್ಫಿನ್ ಮತ್ತು ಗ್ಲಾಡಿಸ್ ಕಾದು ನಿಂತರು. ಮಾಲನ್ನು ಗುರುತಿಸಲು ಪುರಿಂಗಕ್ಕನನ್ನೂ ಕರೆಸಿದ್ದರು. ಪೈನ್ ಮರಗಳು ಇದ್ದಕ್ಕಿದ್ದಂತೆ ಕಾಣಿಸಿಕೊಂಡು ಮತ್ತೆ ಕರಗಿಹೋಗುತ್ತಿದ್ದವು. ಎಷ್ಟು ಹೊತ್ತಾಯಿತೆಂದು ಮೂವರಿಗೂ ತಿಳಿಯಲಿಲ್ಲ. ಆಗ ಕೆಳಗಿನ ಬಿಳುಪಿನೊಳಗಿಂದ ಒಂದು ಸದ್ದು ಬಂತು. ಟುಕು ಟುಕು ಟುಕು ಎಂದು ಅವಸರವಿಲ್ಲದ ಸದ್ದು.

"ನಮ್ಮ ಪಂಪು," ಎಂದಳು ಪುರಿಂಗಕ್ಕ. ಬೈಯಬೇಕೆಂದು ಬಂದವಳ ದನಿ ಯಾಕೋ ಮೆತ್ತಗಾಗಿತ್ತು. ವರ್ಷಗಟ್ಟಲೆ ಆ ಸದ್ದಿಗೇ ಅವಳು ಎದ್ದಿದ್ದಳು. ಆ ಸದ್ದು ಬಂದರೆ ಹಿಂದೆಯೇ ನೀರು ಬರುತ್ತದೆಂದು ಕಿವಿಗೆ ರೂಢಿಯಾಗಿತ್ತು. ಈಗ ಅದು ಬೆಟ್ಟ ಹತ್ತಿ ಅವಳತ್ತಲೇ ಬರುತ್ತಿತ್ತು.

ಬಾನೆಟ್ಟಿಲ್ಲದ ಜೀಪು ಮನುಷ್ಯ ನಡೆಯುವಷ್ಟೇ ನಿಧಾನಕ್ಕೆ ಮಂಜಿನಿಂದ ಹೊರಬಂತು. ಎಂಜಿನ್ನು ಮುಂದೆ ಎತ್ತರಕ್ಕೆ ಕೂತು ನಡುಗುತ್ತಿತ್ತು. ಸ್ಟಿಯರಿಂಗ್ ಹಿಡಿದಿದ್ದವನು ಐವತ್ತು ದಾಟಿದ, ಕೆಸರು ಮೆತ್ತಿದ ಬಸಿಲಿಯೊ. ಪಕ್ಕದಲ್ಲಿ ಅವನ ತಾಯಿ ಕಮ್ಡಾಯ್ ಅಜ್ಜಿ. ಅವಳ ಮಡಿಲಲ್ಲಿ ಕಪ್ಪು ಬಿಳಿ ಪಟ್ಟೆಯ ಕಂಬಳಿಯ ಗಂಟು. ಗ್ಲಾಡಿಸ್ ಕೈ ಎತ್ತಿದಳು. ಜೀಪು ನಿಂತಿತು, ಎಂಜಿನ್ನು ನಿಲ್ಲಲಿಲ್ಲ.

"ಬಸಿಲಿಯೊ ತಾಬ್ದಿ?"

"ಹೌದು ಸರ್. ನಾನೇ ತಗೊಂಡಿದ್ದು. ನಾಳೆ ವಾಪಸ್ ಕೂರಿಸ್ತಿದ್ದೆ."

"ಎಂಜಿನ್ ಆರಿಸು."

"ಬ್ಯಾಟರಿ ಇಲ್ಲ ಸರ್. ತಳ್ಳಿ ಸ್ಟಾರ್ಟ್ ಮಾಡಿರೋದು. ಆರಿಸಿದ್ರೆ ಈ ಏರಿನಲ್ಲಿ ಮತ್ತೆ ಹತ್ತಿಕೊಳ್ಳಲ್ಲ." ಅವನು ತಾಯಿಯ ಮಡಿಲಿನ ಗಂಟಿನ ಕಡೆ ನೋಡಿದ. "ಇವನು ಇಲ್ಲೇ ಉಳಿದುಬಿಡ್ತಾನೆ."

ಕದ್ದ ಮಾಲು ಕಂಡಲ್ಲೇ ಜಪ್ತಿಯಾಗಬೇಕು, ಠಾಣೆಗೆ ಹೋಗಬೇಕು, ಅದು ಕಾನೂನು. ಮನೆಗೆ ಹೊರಟ ಸತ್ತವನನ್ನು ದಾರಿಯಲ್ಲಿ ಇಳಿಸಿದರೆ ಅವನು ಅಲ್ಲೇ ನೆಲೆ ನಿಲ್ಲುತ್ತಾನೆ, ಮನೆಯ ದಾರಿ ಮರೆಯುತ್ತಾನೆ. ಅದು ದಗ್ಯಾನಿನ ಮಗುವಿಗೂ ಗೊತ್ತು. ಡೆಲ್ಫಿನ್‌ಗೆ ಎರಡೂ ಗೊತ್ತಿದ್ದವು. ಅವನು ದೂರುದಾರಳ ಮುಖ ನೋಡಿದ.

ಪುರಿಂಗಕ್ಕ ಎಂಜಿನ್ನಿನ ಹತ್ತಿರ ಹೋಗಿ ಅಂಗೈಯನ್ನು ಅದರ ಬಳಿ ಹಿಡಿದಳು. "ಕಾದಿದೆ. ನೀರು ಹಾಕಿದೀಯೇನೋ ಕಳ್ಳ?"

"ಹಾಕಿದೀನಿ ಅಕ್ಕಾ. ಪ್ರತಿ ತಿರುವಿನಲ್ಲೂ."

"ಅಲ್ಲಿ ನಮ್ಮ ಹೂವಿಗೆ ಹಾಕೋರಿಲ್ಲ." ಅವಳು ಇನ್ನೂ ಏನೋ ಹೇಳಲು ತಿರುಗಿದಳು.

ಅಜ್ಜಿ ತುಟಿಯ ಮೇಲೆ ಬೆರಳಿಟ್ಟಳು. "ಮೆಲ್ಲಗೆ ಮಾತಾಡೇ ಪುರಿಂಗ್. ಈಗಷ್ಟೇ ನಿದ್ದೆ ಹೋದ."

ಪುರಿಂಗಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. ಎಂಜಿನ್ನು ತನ್ನ ಪಾಡಿಗೆ ಬಡಿಯುತ್ತಿತ್ತು.

"ಗ್ಲಾಡಿಸ್, ಬರ್ಕೋ," ಎಂದ ಡೆಲ್ಫಿನ್. "ಸಂಜೆ ನಾಲ್ಕೂ ಹತ್ತು. ವಾಹನ ಜಪ್ತಿ. ಜಪ್ತಿಯಾದ ಮಾಲನ್ನು ಪೊಲೀಸ್ ಕಾವಲಿನಲ್ಲಿ ದಗ್ಯಾನಿಗೆ ಸಾಗಿಸಲಾಗುತ್ತಿದೆ."

"ಠಾಣೆ ಕೆಳಗಿದೆ ಸರ್."

"ಪಂಪು ಎಲ್ಲಿರೋದು?"

"ಮೇಲೆ."

"ಮತ್ತೆ?"

ಜೀಪು ಹೊರಟಿತು. ಕೆಸರು ಆಳವಿದ್ದಲ್ಲಿ ಇಬ್ಬರು ಪೊಲೀಸರೂ ದೂರುದಾರಳೂ ಹಿಂದಿನಿಂದ ತಳ್ಳಿದರು. ಚಕ್ರಗಳು ಸಮವಸ್ತ್ರದ ಮೇಲೆಲ್ಲ ಕೆಸರು ಎರಚಿದವು. ಮೇಲಕ್ಕೆ ಹೋದಂತೆ ಮಂಜು ಎಷ್ಟು ದಟ್ಟವಾಯಿತೆಂದರೆ ತಾನು ತಳ್ಳುತ್ತಿರುವುದು ಜೀಪನ್ನೋ, ಯಾರದೋ ಕನಸನ್ನೋ ಎಂದು ಡೆಲ್ಫಿನ್‌ಗೆ ಒಂದು ಗಳಿಗೆ ಅನ್ನಿಸಿತು. ಕೈಗೆ ತಗಡು ತಣ್ಣಗೆ ತಾಗುತ್ತಿತ್ತು, ಅಷ್ಟೇ ಖಾತ್ರಿ.

ಅನ್ಸೆಲ್ಮೊನನ್ನು ಮನೆಯ ಅಂಗಳದಲ್ಲೇ, ಅಡುಗೆಮನೆಯ ಸದ್ದು ಕೇಳುವಷ್ಟು ಹತ್ತಿರದಲ್ಲಿ ಮಣ್ಣು ಮಾಡಿದರು. ಅಜ್ಜಿ ಒಂದು ಬಟ್ಟಲು ಅನ್ನ ಕೇಳಿ ಉಂಡಳು. ಬಸಿಲಿಯೊ ಕೈ ತೊಳೆದು ತಾನಾಗಿಯೇ ಡೆಲ್ಫಿನ್ ಮುಂದೆ ಬಂದು ನಿಂತ. ಅವನ ಹಕ್ಕುಗಳನ್ನು ಓದಿ ಹೇಳಿ ಬಂಧಿಸಿದರು. ಶನಿವಾರ ಗ್ಲಾಡಿಸ್‌ಳ ಕಾವಲಿನಲ್ಲಿ ಅವನೇ ಎಂಜಿನ್ನನ್ನು ಕಟ್ಟೆಯ ಮೇಲೆ ಮತ್ತೆ ಕೂರಿಸಿದ. ನೀರು ಹರಿಯಿತು. ಕೆಳಗಿನ ಎರಡು ತಾಕು ಒಣಗಿಹೋಗಿತ್ತು; ಮಿಕ್ಕ ಹೂವು ಉಳಿಯಿತು. ಪುರಿಂಗಕ್ಕ ದೂರು ಹಿಂತೆಗೆದುಕೊಳ್ಳಲಿಲ್ಲ. ಕದ್ದದ್ದು ಕದ್ದದ್ದೇ ಎಂದಳು. ಆದರೆ ಸೋಮವಾರ ನ್ಯಾಯಾಲಯಕ್ಕೆ ಕೊಡಬೇಕಾದ ಜಾಮೀನಿಗೆ ಸಹಿ ಹಾಕುವವರು ಯಾರೆಂದು ಕೇಳಿದಾಗ ಅವಳೇ ಪೆನ್ನು ಕೇಳಿ ಇಸಿದುಕೊಂಡಳು.

ಸೋಮವಾರ ಬೆಳಿಗ್ಗೆ ನ್ಯಾಯಾಲಯಕ್ಕೆ ಹೊರಡುವ ಮೊದಲು ಡೆಲ್ಫಿನ್ ಕಂಬಿಯ ಬಳಿ ಕಾಫಿ ತಂದುಕೊಟ್ಟ. ಪ್ರಕರಣದ ಕಡತದಲ್ಲಿ ಕೇಳಬೇಕಾದುದೇನೂ ಉಳಿದಿರಲಿಲ್ಲ. ಆದರೂ ಕೇಳಿದ.

"ತಮ್ಮ ಕನಸಿಗೆ ಬಂದಿದ್ನಾ?"

ಬಸಿಲಿಯೊ ಲೋಟವನ್ನು ನೆಲಕ್ಕಿಟ್ಟ.

"ಇಲ್ಲ ಸರ್. ಮೂರು ರಾತ್ರಿ ಆಯ್ತು. ಮಲಗೋವಾಗೆಲ್ಲ ಕಾಯ್ತೀನಿ. ಬರ್ಲಿಲ್ಲ." ನಗಲು ಹೊರಟ ಅವನ ಮುಖ ಸೊಟ್ಟಗಾಯಿತು. "ಇನ್ನು ಬರಲ್ಲ, ಅಲ್ವಾ?"

ಒಂಬತ್ತು ವರ್ಷದ ಹಿಂದೆ ತಮ್ಮ ಸತ್ತ ಸುದ್ದಿ ಬಂದಾಗ ಅವನು ಅತ್ತಿರಲಿಲ್ಲವೆಂದು ಎಡ್ನಾ ಹೇಳಿದ್ದಳು. ಈಗ ಅತ್ತ. ಡೆಲ್ಫಿನ್ ಕಂಬಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ, ಹೊರಡುವ ಹೊತ್ತು ಮೀರಿದರೂ ಏಳಲಿಲ್ಲ.