ಕುರ್ಚಿಯ ಮೇಲಿನ ಲೋಟ

ನಂಬಿದರೆ ನಂಬಿ, ಬಿಟ್ಟರೆ ಬಿಡಿ; ಆ ಮಧ್ಯಾಹ್ನ ನನಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು.

ನಮ್ಮ ಆಫೀಸಿನ ಕೋಣೆಯನ್ನೇ ಅಳೆದು, ನಾವು ಮಾಡುತ್ತಿದ್ದ ಕಂಪ್ಯೂಟರ್ ಗೇಮಿನೊಳಗೆ ಕಟ್ಟಿದ್ದೆವು. ನಾನು ಬರೆದ ಪುಟ್ಟ ಪ್ರೋಗ್ರಾಮಿನ ಕೆಲಸ ಇಷ್ಟೇ: ಛಾವಣಿಯಿಂದ ಕಾಣದ ಗೆರೆಯೊಂದನ್ನು ಕೆಳಗಿಳಿಸಿ, ಅದು ಮೊದಲು ತಾಗಿದ ಮೇಲ್ಮೈಯಲ್ಲಿ ಲೋಟ ಇಡುವುದು. ಮೇಜಿನ ಮೇಲೆ ಲೋಟ ಸರಿಯಾಗಿ ಕೂತಿತು. ಗೇಮಿನಲ್ಲಿ ನನ್ನ ಪಕ್ಕದ ಖಾಲಿ ಕುರ್ಚಿಯ ಮೇಲೆ ಮಾತ್ರ ಗಾಳಿಯಲ್ಲಿ ನಿಂತಿತು, ಕೂತವರ ತಲೆಯಷ್ಟು ಎತ್ತರದಲ್ಲಿ. ಸಾಲದ್ದಕ್ಕೆ, ಕೂದಲೆಳೆಯಷ್ಟು ಏರುತ್ತಿತ್ತು, ಇಳಿಯುತ್ತಿತ್ತು. ಸಂಜೆಗೆ ಕೆಲಸ ಒಪ್ಪಿಸಬೇಕು. ಎಷ್ಟು ತಿದ್ದಿದರೂ ಅದೇ ಹಾಡು.

"ನಿನ್ನ ಕುರ್ಚಿ ನನ್ನ ತಲೆ ತಿಂತಿದೆ ಕಣೇ," ಎಂದೆ, ಆ ಕೋಣೆಯ ಮಾಡೆಲ್ ಮಾಡಿದ್ದ ಗೆಳತಿಗೆ.

"ಕುರ್ಚಿ ತೆಗೆದುಹಾಕಿ ನೋಡೋ. ತಪ್ಪು ಯಾರದ್ದು ಅಂತ ಗೊತ್ತಾಗುತ್ತೆ."

ಗೇಮಿನಿಂದ ಕುರ್ಚಿ ಅಳಿಸಿದೆ. ಲೋಟ ನೆಲಕ್ಕಿಳಿಯಬೇಕಿತ್ತು. ಅದು ಇನ್ನೂ ಮೇಲೇರಿ, ನಿಂತವರ ತಲೆಯಷ್ಟು ಎತ್ತರದಲ್ಲಿ ನಿಂತಿತು.

ಗೆಳತಿ ಎದ್ದು ನನ್ನ ಪರದೆಯ ಬಳಿ ಬಂದಳು. ನಾನು ರೇಗಿಹೋಗಿ, ಪಕ್ಕದಲ್ಲಿದ್ದ ನಿಜವಾದ ಕುರ್ಚಿಯನ್ನು ಆಚೆ ತಳ್ಳಲು ಕೈಹಾಕಿದೆ. ಬೆಳಗಿನಿಂದ ಅದರಲ್ಲಿ ಯಾರೂ ಕೂತಿರಲಿಲ್ಲ. ಮೆತ್ತೆ ಬೆಚ್ಚಗಿತ್ತು. ನಡುವಿನ ತಗ್ಗು, ನಾವು ನೋಡನೋಡುತ್ತಲೇ, ಮೆಲ್ಲಗೆ ಉಬ್ಬಿಕೊಂಡು ಸಮವಾಯಿತು.